ಯಗಲಾನ್‌ನಲ್ಲಿ ಮನೆ ಆರಿಸುವಂತಿಲ್ಲ

ಯಗಲಾನ್
9 ನವೆಂಬರ್ 1997

ಚಿಕ್ಕಪ್ಪ,

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಜಗಳ.

ವಾಹಾಕಾ ಪಟ್ಟಣದ ನಿಮ್ಮ ಚಾರಣದ ಕಚೇರಿಯವರು ಅಚ್ಚು ಹಾಕಿಸಿದ ಕೈಪುಸ್ತಕವನ್ನು ಒಬ್ಬ ಚಾರಣಿಗ ಇಲ್ಲಿನ ಅಂಗಡಿಯಲ್ಲಿ ಮರೆತು ಹೋಗಿದ್ದ. ಓದಿದೆ. ‘ಯಗಲಾನ್‌ನಲ್ಲಿ ತಂಗಲು ದೋನ್ಯಾ ತಾರ್ಸಿಲಾ ಅವರ ಮನೆಯೇ ಸರಿ. ಸ್ವಚ್ಛ ಹಾಸಿಗೆ, ದಪ್ಪ ಕಂಬಳಿ, ಬೆಣ್ಣೆಹಣ್ಣಿನ ಎಲೆ ಹಾಕಿದ ಕರಿಕಾಳಿನ ಸಾರು. ಬೇರೆ ಮನೆ ಹುಡುಕುವ ಅಗತ್ಯವಿಲ್ಲ.’ ಬರೆದವರು ನೀವೇ. ಆ ಕೊನೆಯ ವಾಕ್ಯವನ್ನು ಬೇರೆ ಯಾರೂ ಅಷ್ಟು ಸಲೀಸಾಗಿ ಬರೆಯುತ್ತಿರಲಿಲ್ಲ.

ಆ ಒಂದು ವಾಕ್ಯ ಇಲ್ಲಿ ಏನು ಮಾಡಿದೆ ಗೊತ್ತೇ? ಚಾರಣಿಗರು ಕಣಿವೆಯಿಂದ ಏರಿ ಬಂದು ಮೊದಲ ಮನೆಯಲ್ಲಿ ‘ತಾರ್ಸಿಲಾ?’ ಎನ್ನುತ್ತಾರೆ. ಎರಡನೆಯದರಲ್ಲಿ ‘ತಾರ್ಸಿಲಾ?’ ಎನ್ನುತ್ತಾರೆ. ಉಳಿದ ಮನೆಗಳೆಲ್ಲ ದಾರಿ ತೋರಿಸುವ ಕೈಕಂಬಗಳಾಗಿವೆ. ಆರಿಸುವ ಹಕ್ಕು ಹಣ ಇರುವವನ ಕೈಯಲ್ಲಿದ್ದರೆ, ಅವನು ಆರಿಸದೆ ಬಿಟ್ಟವರಿಗೆ ನಷ್ಟವಾಗುವುದು ಹಣವಷ್ಟೇ ಅಲ್ಲ. ನಮ್ಮ ಹಾಸಿಗೆಯಲ್ಲಿ ಏನು ತಪ್ಪಿತ್ತು ಎಂದು ಮನೆಮನೆಯಲ್ಲಿ ಯೋಚಿಸುತ್ತಾ ಕೂರುತ್ತಾರೆ. ಕಾಫಿ ಬೆಳೆಗಾರರ ಸಂಘದ ಕರಪತ್ರಗಳನ್ನು ನಾನು ಓದುವುದನ್ನು ನೀವು ಹೋದ ಸಲ ಆಡಿಕೊಂಡಿರಿ. ಈಗಲೂ ಆಡಿಕೊಳ್ಳಿ. ಆದರೆ ಇದನ್ನು ನಾನು ಕರಪತ್ರದಲ್ಲಿ ಓದಿದ್ದಲ್ಲ, ಕ್ರಿಸೋಫೊರೊ ಮಾವನ ಹೆಂಡತಿಯ ಮುಖದಲ್ಲಿ ನೋಡಿದ್ದು.

ಊರಸಭೆ ಈ ವರ್ಷ ನನ್ನನ್ನು ತಂಗುಮನೆ ಸಮಿತಿಗೆ ಹೆಸರಿಸಿದೆ. ಕೇಳಿ ಹೆಸರಿಸಲಿಲ್ಲ, ಹೆಸರಿಸಿ ಹೇಳಿದರು. ಒಂದು ವರ್ಷದ ಊರಸೇವೆ, ಕೂಲಿಯಿಲ್ಲ. ಆ ರೂಢಿ ನಿಮಗೆ ಗೊತ್ತು. ಮೊದಲ ಸಭೆಯಲ್ಲೇ ಎದ್ದು ನಿಂತು ಹೇಳಿದೆ: ಚಾರಣಿಗರು ಇನ್ನು ಮನೆ ಆರಿಸುವಂತಿಲ್ಲ, ಸರದಿಯ ಪ್ರಕಾರ ಊರೇ ಕಳಿಸಬೇಕು.

‘ಅವರಿಗೆ ಬೇಕಾದ ಮನೆಗೆ ಅವರು ಹೋಗ್ತಾರಮ್ಮ, ನೀನ್ಯಾಕೆ ಅಡ್ಡ ನಿಲ್ತೀಯ?’ ಎಂದರು ಕ್ರಿಸೋಫೊರೊ ಮಾವ.

‘ಊರು ಯಾರದು, ಮಾವ?’

‘ನಮ್ಮದು.’

‘ಹಂಗಾದ್ರೆ ಊರಿಗೆ ಬಂದೋರು ಎಲ್ಲಿ ಮಲಗ್ಬೇಕು ಅಂತ ಹೇಳೋರು ಯಾರು?’

‘ನೋಡಿ ಸ್ವಾಮಿ, ಓದಿದ್ದನ್ನೆಲ್ಲ ಇವಳು ನನ್ನ ಮೇಲೇ ತೀರಿಸ್ಕೋತಾಳೆ!’

ಸಭೆಯವರೆಲ್ಲ ನಕ್ಕರು, ಒಪ್ಪಿಗೆಗೆ ಕೈ ಎತ್ತಿದರು. ಅಷ್ಟೇ ಅಲ್ಲ, ನನ್ನ ಎರಡನೆಯ ಮಾತನ್ನೂ ಒಪ್ಪಿದರು: ಅತಿಥಿಗಳನ್ನು ಇಟ್ಟುಕೊಳ್ಳುವುದು ಇನ್ನು ವ್ಯಾಪಾರವಲ್ಲ, ಊರಸೇವೆ. ಸರದಿ ಬಂದ ಮನೆಯವರು ಆ ದಿನದ ಮಟ್ಟಿಗೆ ಊರಿನ ಅಧಿಕಾರಿಗಳು. ತಂಗುವ ಹಣ ನೀರಿನ ಕೊಳವೆಯ ಖರ್ಚಿಗೆ. ತಾರ್ಸಿಲಾ ಅತ್ತೆ ಹಿಂದೆ ಕೂತು ಜೋಳ ಬಿಡಿಸುತ್ತಿದ್ದರು. ‘ನನ್ನ ಬೆನ್ನಿಗೂ ರಜ ಸಿಗ್ಲಿ ಬಿಡು’ ಎಂದರು. ಬೇರೇನೂ ಹೇಳಲಿಲ್ಲ.

ಪುಸ್ತಕದಿಂದ ಅವರ ಹೆಸರು ತೆಗೆಸಿ. ಮತ್ತೆ, ಊರಲ್ಲಿ ಮನೆ ಇರುವವರೆಲ್ಲ ಸರದಿಯಲ್ಲಿದ್ದಾರೆ. ಬೀಗ ಹಾಕಿರುವ ನಿಮ್ಮ ಮನೆಯೂ ಇದೆ, ಕೊನೆಯಲ್ಲಿ.

ಒತಿಲಿಯಾ


ವಾಹಾಕಾ
24 ನವೆಂಬರ್

ಒತಿಲಿಯಾ,

ನಿನ್ನ ಕಾಗದ ಬಸ್ಸಿನ ಚಾಲಕನ ಕೈಯಲ್ಲಿ ಬಂತು. ಕೋಳಿಬುಟ್ಟಿಯ ಮೇಲೆ ಇಟ್ಟಿದ್ದನಂತೆ. ಸಾಕ್ಷಿ ಇನ್ನೂ ಅಂಟಿಕೊಂಡಿದೆ.

ನಾನು ಈ ಕಚೇರಿಯಲ್ಲಿ ಮಾಡುವ ಕೆಲಸ ನಿನಗೆ ಗೊತ್ತಿಲ್ಲ ಎಂದುಕೊಂಡು ಹೇಳುತ್ತೇನೆ. ಬೆನ್ನಿಗೆ ಚೀಲ ಕಟ್ಟಿಕೊಂಡು ದಿನವೆಲ್ಲ ಬೆಟ್ಟ ಹತ್ತಿದವನು ಊರು ತಲುಪಿದಾಗ ಮೂರೇ ಪ್ರಶ್ನೆ ಕೇಳುತ್ತಾನೆ. ಬಿಸಿನೀರು ಇದೆಯೇ? ಕಂಬಳಿ ನಾರುತ್ತದೆಯೇ? ನಾಯಿ ಕಚ್ಚುತ್ತದೆಯೇ? ಅದಕ್ಕೆ ಉತ್ತರ ಬರೆಯುವುದು ನನ್ನ ಕೆಲಸ. ಸಮಾನತೆಯ ಬಗ್ಗೆ ಒದ್ದೆ ಕಾಲುಚೀಲ ಹಾಕಿಕೊಂಡವನ ಹತ್ತಿರ ಮಾತಾಡಿ ನೋಡು.

ಆದರೂ ನೀನು ಹೇಳಿದಂತೆ ಮಾಡಿದ್ದೇನೆ. ಉಳಿದ ಪ್ರತಿಗಳಲ್ಲಿ ಆ ಸಾಲಿನ ಮೇಲೆ ಚೀಟಿ ಅಂಟಿಸಿದೆ: ‘ಮನೆಯನ್ನು ಊರ ಸಮಿತಿ ಗೊತ್ತುಮಾಡುತ್ತದೆ.’ ನಮ್ಮ ಯಜಮಾನರು ದೋನ್ ಗಿಲ್ಬೆರ್ತೊ ಅದನ್ನು ಓದಿ ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಒಳ್ಳೆಯದಲ್ಲ.

ವಿಷಯ ಇಷ್ಟು. ಎದುರು ಬೆಟ್ಟದ ಸಾನ್ ಎಲೀಯಸ್‌ನವರು ಪೈನ್ ಮರದ ಕುಟೀರಗಳನ್ನು ಕಟ್ಟಿದ್ದಾರೆ. ಒಳಗೇ ಬೆಂಕಿಗೂಡು, ಬಾಗಿಲ ಮೇಲೆ ಸಂಖ್ಯೆ. ಹೊಸ ಪುಸ್ತಕ ಏಪ್ರಿಲ್‌ನಲ್ಲಿ ಅಚ್ಚಿಗೆ ಹೋಗುತ್ತದೆ. ಆ ಬೆಟ್ಟದ ಸಾಲಿನಲ್ಲಿ ತಂಗಲು ಒಂದೇ ಊರು ಸಾಕು ಎಂದು ಯಜಮಾನರು ಹೇಳುತ್ತಿದ್ದಾರೆ. ಯಾವ ಊರು ಎಂದು ಇನ್ನೂ ಹೇಳಿಲ್ಲ. ಪುಸ್ತಕದಲ್ಲಿ ಇಲ್ಲದ ಊರಿಗೆ ಯಾರೂ ಬರುವುದಿಲ್ಲ, ಬಂದರೂ ನೀರು ಕೇಳಿ ಮುಂದೆ ಹೋಗುತ್ತಾರೆ. ನಿನ್ನ ಸರದಿಯನ್ನು ಆಗ ಯಾರಿಗೆ ಹಂಚುತ್ತೀಯೋ ನೋಡೋಣ.

ನನ್ನ ಮನೆಯ ಹಂಚು ಒಡೆದಿದೆ. ನನ್ನ ಮಂಡಿಯೂ ಅಷ್ಟೇ. ಎರಡನ್ನೂ ಸರದಿಯಿಂದ ಬಿಡು.

ಫಿಲೆಮೊನ್


ಯಗಲಾನ್
21 ಡಿಸೆಂಬರ್

ಚಿಕ್ಕಪ್ಪ,

ನಿಮ್ಮ ಒದ್ದೆ ಕಾಲುಚೀಲದವರು ಬಂದರು, ಮಲಗಿದರು, ಹೋದರು. ಆಕಾಶವೇನೂ ಬೀಳಲಿಲ್ಲ.

ಮೊದಲ ಸರದಿ ಕ್ರಿಸೋಫೊರೊ ಮಾವನದು. ಅವರು ಹಬ್ಬದ ಟೋಪಿ ಹಾಕಿಕೊಂಡು, ಊರ ಕಾವಲಿನವರು ಹಿಡಿಯುವ ಕೋಲನ್ನು ಪಂಚಾಯಿತಿ ಕಟ್ಟಡದಿಂದ ತಂದು ಬಾಗಿಲಿಗೆ ಒರಗಿಸಿ, ಪಕ್ಕದಲ್ಲಿ ನೆಟ್ಟಗೆ ನಿಂತಿದ್ದರು. ಅತಿಥಿಗಳು ಉಣ್ಣುವಾಗಲೂ ಕೂರಲಿಲ್ಲ. ಸೇವೆಯಲ್ಲಿ ಇರುವವನು ಕೂರುವುದಿಲ್ಲ ಎಂದರು. ಹೊರಡುವಾಗ ಅತಿಥಿಗಳಲ್ಲಿ ಒಬ್ಬ ಹುಡುಗಿ ಕೈಗೆ ಕೊಟ್ಟ ಪೆಸೊ ನೋಟನ್ನು ಹಿಂದಕ್ಕೆ ಕೊಟ್ಟರು. ಅವಳು ಮತ್ತೆ ಕೊಟ್ಟಳು. ಇವರು ಮತ್ತೆ ಹಿಂದಕ್ಕೆ ಕೊಟ್ಟರು. ಕೊನೆಗೆ ಅವಳು ಅದನ್ನು ಬೇಲಿಗೆ ಸಿಕ್ಕಿಸಿ ಓಡಿದಳು. ಮಾವ ಕೋಲು ಹಿಡಿದುಕೊಂಡೇ ಹಿಂದೆ ಓಡಿ ಕೊಟ್ಟು ಬಂದರು! ಎಷ್ಟು ವರ್ಷದ ಮೇಲೆ ಅವರ ಬೆನ್ನು ಅಷ್ಟು ನೇರವಾಗಿತ್ತೋ ಗೊತ್ತಿಲ್ಲ. ನಿಮ್ಮ ಪುಸ್ತಕದಲ್ಲಿ ಇದಕ್ಕೆ ಜಾಗವಿಲ್ಲ.

ಇನ್ನೊಂದು ಸಂಗತಿ. ಇದನ್ನು ಓದಿ ನೀವು ತಲೆ ಕೆರೆದುಕೊಳ್ಳಬೇಕು. ಎಲ್ಲ ಮನೆಗಳಲ್ಲೂ ಚಾರಣಿಗರು ಸಾರನ್ನು ಹೊಗಳಿದ್ದಾರೆ. ಕ್ರಿಸೋಫೊರೊ ಮಾವನ ಮನೆಯಲ್ಲಿ, ಕೆಳಗಿನ ಕೇರಿಯಲ್ಲಿ, ಚರ್ಚಿನ ಹಿಂದಿನ ಮನೆಯಲ್ಲಿ ಕೂಡ. ‘ಬೇರೆ ಮನೆ ಹುಡುಕುವ ಅಗತ್ಯವಿಲ್ಲ’ ಅಂದಿರಲ್ಲ? ಕೈಗುಣ ಒಬ್ಬರ ಸ್ವತ್ತಲ್ಲ. ಅವಕಾಶ ಸಿಕ್ಕಿದರೆ ಎಲ್ಲ ಮನೆಯಲ್ಲೂ ಅದೇ ಸಾರು ಕುದಿಯುತ್ತದೆ. ಇದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು.

ಸಾನ್ ಎಲೀಯಸ್‌ನವರು ಬಾಗಿಲಿಗೆ ಸಂಖ್ಯೆ ಬರೆದಿದ್ದಾರಂತೆ. ಬರೆದುಕೊಳ್ಳಲಿ. ದನದ ಕೊಟ್ಟಿಗೆಗೂ ಬರೆಯಬಹುದು.

ತಾರ್ಸಿಲಾ ಅತ್ತೆಯನ್ನು ಈಚೆಗೆ ಸರಿಯಾಗಿ ನೋಡಿಲ್ಲ. ಮಂಡಿ ಜೋಪಾನ. ಹಂಚು ನಾವು ನೋಡಿಕೊಳ್ಳುತ್ತೇವೆ.

ಒತಿಲಿಯಾ


ವಾಹಾಕಾ
14 ಜನವರಿ 1998

ಒತಿಲಿಯಾ,

ಹೊಸ ವರ್ಷದ ಜನಜಂಗುಳಿ ಕರಗಿದೆ. ಚಾರಣ ಮುಗಿಸಿದವರು ಕಚೇರಿಗೆ ಬಂದು ಬಾಡಿಗೆ ಬೂಟು ಹಿಂದಿರುಗಿಸುವಾಗ ನಾನು ಅವರನ್ನು ಮಾತಿಗೆ ಎಳೆಯುತ್ತೇನೆ. ಯಗಲಾನ್ ಬಗ್ಗೆ ಅವರು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಒಬ್ಬ ಹೇಳಿದ: ‘ನಾವು ಏನೋ ತಪ್ಪು ಮಾಡಿದ್ದೀವಿ ಅನ್ಸುತ್ತೆ. ಮನೆಯಾತ ಕೋಲು ಹಿಡಿದು ಬಾಗಿಲಲ್ಲೇ ನಿಂತಿದ್ದ. ಹೊರಗೆ ಹೋಗೋದಕ್ಕೂ ಅವನನ್ನ ಕೇಳ್ಬೇಕಾ?’ ಆ ನೋಟಿನ ಹುಡುಗಿಯೂ ಬಂದಿದ್ದಳು. ಅಷ್ಟು ದೂರ ಓಡಿಸಿಕೊಂಡು ಬಂದ ಮುದುಕ ಹೊಡೆಯುತ್ತಾನೆ ಎಂದೇ ಅಂದುಕೊಂಡಿದ್ದಳಂತೆ. ನಿನ್ನ ಕ್ರಿಸೋಫೊರೊನ ಬೆನ್ನು ನೇರವಾದದ್ದು ಇವರಿಗೆ ಕಂಡದ್ದು ಹೀಗೆ.

ಮೂರನೆಯವನು ಸಸ್ಯ ನೋಡುವವನು, ಒಳ್ಳೆಯ ಮನುಷ್ಯ. ಆರ್ಕಿಡ್ ಹುಡುಕಿಕೊಂಡು ಅದೇ ದಾರಿಯಲ್ಲಿ ಮತ್ತೆ ಮತ್ತೆ ಬರುತ್ತಾನೆ. ನಿಮ್ಮಲ್ಲಿ ಪ್ರತಿ ಸಲ ಬೇರೆ ಮನೆಯಲ್ಲಿ ಉಳಿದನಂತೆ. ‘ನಿಮ್ಮೂರಿನಲ್ಲಿ ಕಂಬಳಿಗಳನ್ನೆಲ್ಲ ಒಂದು ಮೂಲೇಲಿ ಸುಡೋ ಪದ್ಧತಿ ಇದೆಯಾ?’ ಎಂದು ಕೇಳಿದ. ಇಲ್ಲವಲ್ಲ ಎಂದೆ. ‘ಹೋದ ಮನೇಲೆಲ್ಲ ನೀಲಿ ಕಂಬಳಿ, ಎಲ್ಲದರ ಎಡ ಮೂಲೇನೂ ಸುಟ್ಟಿದೆ’ ಎಂದ. ನಾನು ನಕ್ಕೆ. ಅವನು ನಗಲಿಲ್ಲ. ನಿನ್ನ ಕಾಗದದ ಸಾರು ಆಗ ನೆನಪಿಗೆ ಬಂತು. ಎಲ್ಲ ಮನೆಯಲ್ಲೂ ಅದೇ ಸಾರು ಎಂದು ಬರೆದಿದ್ದೆಯಲ್ಲ, ನೀನು ಬರೆದದ್ದು ನಿಜ ಎಂದು ನನಗೆ ಅನ್ನಿಸುತ್ತಿದೆ. ನೀನು ಅಂದುಕೊಂಡದ್ದಕ್ಕಿಂತಲೂ ನಿಜ.

ಮಾರ್ಚ್ ಮೊದಲ ವಾರ ದೋನ್ ಗಿಲ್ಬೆರ್ತೊ ಸ್ವತಃ ಒಂದು ತಂಡ ಕಟ್ಟಿಕೊಂಡು ಬರುತ್ತಾರೆ. ಯಗಲಾನ್‌ನಲ್ಲಿ ಒಂದು ರಾತ್ರಿ, ಸಾನ್ ಎಲೀಯಸ್‌ನಲ್ಲಿ ಒಂದು ರಾತ್ರಿ. ಬಂದ ಮೇಲೆ ಪುಸ್ತಕ ಅಚ್ಚಿಗೆ.

ಫಿಲೆಮೊನ್


ವಾಹಾಕಾ
3 ಫೆಬ್ರವರಿ

ಒತಿಲಿಯಾ,

ಉತ್ತರ ಇಲ್ಲ. ಬಸ್ಸಿನ ಚಾಲಕನನ್ನು ಕೇಳಿದೆ. ‘ಹುಡುಗಿ ಕಾಗದ ಇಸ್ಕೊಂಡ್ಲು, ನಿಂತ್ಕೊಂಡೇ ಓದಿದ್ಲು, ತಿರುಗಿ ಹೋದ್ಲು, ನಮಸ್ಕಾರಾನೂ ಹೇಳಲಿಲ್ಲ’ ಎಂದ. ನಾನು ತಮಾಷೆಗೆ ಬರೆದದ್ದು. ಕೋಪ ಮಾಡಿಕೊಂಡಿದ್ದರೆ ಅದನ್ನಾದರೂ ಬರೆ.

ಫಿಲೆಮೊನ್


ಯಗಲಾನ್
9 ಫೆಬ್ರವರಿ

ಚಿಕ್ಕಪ್ಪ,

ಕೋಪವಿಲ್ಲ. ಬರೆಯುವುದಕ್ಕೆ ಮೊದಲು ನೋಡಬೇಕಿತ್ತು. ನೋಡಿದೆ.

ಮತ್ತೆ ಕ್ರಿಸೋಫೊರೊ ಮಾವನ ಸರದಿ ಬಂದ ದಿನ ನಾನು ಮುಂದಿನ ದಾರಿ ಬಿಟ್ಟು, ಜೋಳದ ಹೊಲದ ಹಿಂದಿನಿಂದ ತಾರ್ಸಿಲಾ ಅತ್ತೆಯ ಮನೆಗೆ ಹೋದೆ. ಮಾವನ ಹೆಂಡತಿ ಬೆನಿಗ್ನಾ ಹಿತ್ತಿಲ ಬಾಗಿಲಿನಿಂದ ಹೊರಗೆ ಬರುತ್ತಿದ್ದರು. ಶಾಲಿನ ಕೆಳಗೆ ಮಡಕೆ, ತಲೆಯ ಮೇಲೆ ಮಡಿಸಿದ ನೀಲಿ ಕಂಬಳಿ.

‘ಬೆನಿಗ್ನಾ ಅತ್ತೆ, ಏನಿದು?’

‘ಸಾರು.’

‘ಅದು ಕಾಣ್ತಿದೆ. ಇಲ್ಲಿಂದ ಯಾಕೆ?’

‘ಪುಸ್ತಕದಲ್ಲಿ ಸಾರು ಅಂತ ಬರೆದಿದೆಯಂತಲ್ಲೇ! ನಮ್ಮನೇಲಿ ಸೀಮೆಬದನೆ ಬೇಯಿಸಿ ಉಪ್ಪು ಹಾಕ್ಕೊಂಡು ತಿಂತೀವಿ. ಅದನ್ನ ಅವರ ಮುಂದೆ ಹೆಂಗಿಡೋದು? ಸ್ವಂತಕ್ಕಾದ್ರೆ ಇಡ್ತಿದ್ದೆ. ಇದು ಊರಸೇವೆ, ಊರ ಮಾನ.’

ಬೆನಿಗ್ನಾ ಒಬ್ಬರೇ ಅಲ್ಲ. ಮೊದಲ ದಿನದಿಂದ ಸರದಿ ಬಂದವರೆಲ್ಲ ಅದೇ ಹಿತ್ತಿಲಿಗೆ ಹೋಗಿದ್ದಾರೆ. ನಮ್ಮಲ್ಲಿ ಊರಸೇವೆಯಲ್ಲಿ ಇರುವವನು ಸಹಾಯ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಅದು ಗೋಸೋನಾ, ಇಂದು ನಾನು ನಿನಗೆ, ನಾಳೆ ನೀನು ನನಗೆ. ವ್ಯಾಪಾರವಾಗಿದ್ದರೆ ತಾರ್ಸಿಲಾ ಅತ್ತೆ ‘ಹೋಗೇ, ನಿನ್ನ ಸಾರು ನೀನು ಮಾಡ್ಕೋ’ ಎನ್ನಬಹುದಿತ್ತು. ಅದನ್ನು ಊರಸೇವೆ ಮಾಡಿದವಳು ನಾನು.

ಅತ್ತೆ ಒಲೆಯ ಮುಂದೆ ಕೂತಿದ್ದರು. ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದರು. ನನ್ನನ್ನು ನೋಡಿ ಎದ್ದೇಳಲಿಲ್ಲ.

‘ಮೊದಲು ಸಾರೂ ನಂದು, ದುಡ್ಡೂ ನಂದು. ಈಗ ಸಾರು ನಂದು, ದುಡ್ಡು ಕೊಳವೇದು. ನಿನ್ನ ಕರಪತ್ರದಲ್ಲಿ ಇದಕ್ಕೇನೋ ಹೆಸರಿರ್ಬೇಕಲ್ಲ?’

ಹೆಸರಿದೆ. ಅದನ್ನು ಬಿಟ್ಟು ಬೇರೆ ಕೇಳಿದೆ.

‘ಅವತ್ತು ಸಭೇಲಿ ಯಾಕತ್ತೆ ಸುಮ್ನಿದ್ರಿ?’

‘ನೀನು ಎಷ್ಟು ಚೆನ್ನಾಗಿ ಮಾತಾಡ್ತಿದ್ದೆ. ನಡುವೆ ಬಾಯಿ ಹಾಕೋಕೆ ಮನಸ್ಸು ಬರಲಿಲ್ಲ.’

ಇದನ್ನು ಅವರು ಚುಚ್ಚಲು ಹೇಳಿದರೋ ನಿಜವಾಗಿ ಹೇಳಿದರೋ ಎಂದು ಈಗಲೂ ನನಗೆ ತಿಳಿದಿಲ್ಲ.

ಭಾನುವಾರ ಸಭೆ ಕರೆಸಿದೆ. ಕಂಡದ್ದನ್ನು ಹೇಳಿದೆ. ಎಲ್ಲರಿಗೂ ಮೊದಲೇ ಗೊತ್ತಿದ್ದ ವಿಷಯ, ನನ್ನೊಬ್ಬಳಿಗೇ ಸುದ್ದಿ. ತಾರ್ಸಿಲಾ ಅತ್ತೆ ಎದ್ದು ನಿಂತರು. ಸಾರು ಇನ್ನು ಕೊಡುವುದಿಲ್ಲ, ಕಂಬಳಿಯೂ ಇಲ್ಲ ಎಂದರು.

‘ಕೊಟ್ಟಿದ್ದನ್ನ ವಾಪಸ್ ಕೇಳ್ತಿಲ್ಲ. ಆದ್ರೆ ಗೋಸೋನಾ ಅಂದ್ರೆ ತಿರುಗಿ ಬರ್ಬೇಕು ತಾನೆ? ಇನ್ಮೇಲೆ ಸರದಿ ಬಂದ ಮನೇಲೆಲ್ಲ ಒಂದೊಂದು ದಿನ ನಾನೂ ಅತಿಥಿ. ಆ ಚಾರಣದೋರ ಪಕ್ಕ ಕೂತ್ಕೋತೀನಿ. ನೀವು ಏನು ತಿಂತೀರೋ ಅದನ್ನೇ ಬಡಿಸಿ.’

‘ನಮ್ಮ ಸೀಮೆಬದನೆ ತಿಂದು ಅವರು ಓಡಿಹೋದ್ರೆ?’ ಎಂದರು ಕ್ರಿಸೋಫೊರೊ ಮಾವ.

‘ಅವರು ಬರೋದೇ ನಡೆಯೋಕೆ. ಓಡಿದ್ರೆ ಇನ್ನೂ ಒಳ್ಳೇದು, ಬೇಗ ಮುಟ್ತಾರೆ. ಮತ್ತೆ ನೀನು ಆ ಕೋಲು ಒಳಗಿಡು ಮಾರಾಯ. ಬಡಿಸಿದ ಮೇಲೆ ಕೂತ್ಕೊಂಡು ತಿನ್ನು.’

ಕೈ ಎತ್ತಿದರು. ಪ್ರತಿ ಮನೆ ತಾನು ಉಣ್ಣುವುದನ್ನೇ ಬಡಿಸಬೇಕು, ಮನೆಯವರು ಜೊತೆಗೆ ಕೂರಬೇಕು, ಹಣದಲ್ಲಿ ಅರ್ಧ ಆ ಮನೆಗೆ. ಹೀಗೆ ಮಾಡಿದರೆ ಸಾನ್ ಎಲೀಯಸ್‌ನ ಕುಟೀರಗಳ ಮುಂದೆ ನಾವು ಸೋಲುತ್ತೇವೆ ಎಂದು ಹೇಳಿದವರೂ ಇದ್ದರು.

ಸರದಿಯನ್ನು ಲೆಕ್ಕ ಹಾಕಿ ನೋಡಿದೆ. ನಿಮ್ಮ ಯಜಮಾನರು ಬರುವ ದಿನ ಅದು, ಹೋದ ಸುತ್ತಿನಲ್ಲಿ ಬೀಗ ನೋಡಿ ದಾಟಿಹೋದ ನಿಮ್ಮ ಮನೆಗೆ ಬರುತ್ತದೆ. ಅವರ ಜೊತೆಯವರು ಮುಂದಿನ ಮನೆಗಳಿಗೆ. ಬನ್ನಿ, ಬಂದು ಬಾಗಿಲು ತೆಗೆಯಿರಿ.

ಒತಿಲಿಯಾ


ವಾಹಾಕಾ
20 ಫೆಬ್ರವರಿ

ಒತಿಲಿಯಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲ ಸಲ ನಿನ್ನ ಬಗ್ಗೆ ಹೆಮ್ಮೆಪಟ್ಟೆ. ಎರಡನೆಯ ಸಲ ಕೊನೆಯ ನಾಲ್ಕು ಸಾಲು ಓದಿದೆ.

ನಾನು ಬರುವುದಿಲ್ಲ. ಮಂಡಿ ಕಾರಣವಲ್ಲ, ಅದು ಚೆನ್ನಾಗಿಯೇ ಇದೆ. ಊರ ಚೌಕದಲ್ಲಿ ನಾನು ಕಾಲಿಟ್ಟ ಮರುದಿನ ಊರಸಭೆ ನನ್ನ ಹೆಸರು ಕೂಗುತ್ತದೆ. ಕಾವಲಿನ ಸೇವೆ, ಆಮೇಲೆ ನೀರಿನ ಸಮಿತಿ, ಆಮೇಲೆ ಚರ್ಚಿನ ಸೇವೆ. ಇಷ್ಟು ವರ್ಷ ಬಿಟ್ಟದ್ದನ್ನೆಲ್ಲ ಸಾಲಾಗಿ ನಿಲ್ಲಿಸುತ್ತಾರೆ. ನನ್ನ ವಯಸ್ಸಿನಲ್ಲಿ ಕೋಲು ಹಿಡಿದು ಕುಡುಕರನ್ನು ಮನೆಗೆ ಸಾಗಿಸಲೇ? ಇಲ್ಲಿ ನನಗೆ ಒಂದು ಮೇಜು ಇದೆ, ಕಿಟಕಿ ಇದೆ. ಯಾವ ಊರಿನಲ್ಲಿ ಯಾವ ಮನೆ ಒಳ್ಳೆಯದು ಎಂದು ಬರೆಯುತ್ತೇನೆ, ಜನ ನಂಬುತ್ತಾರೆ.

ಒಂದು ಮಾತು ಕೇಳು. ಆ ಒಂದು ರಾತ್ರಿಗೆ ದೋನ್ ಗಿಲ್ಬೆರ್ತೊ ಅವರನ್ನು ತಾರ್ಸಿಲಾಳ ಮನೆಗೆ ಕಳಿಸು. ಅವಳಿಗೆ ನಾನು ಬೇರೆ ಬರೆಯುತ್ತೇನೆ, ಒಪ್ಪುತ್ತಾಳೆ. ಒಂದೇ ಸಲ. ಅವರು ಸಾರು ಉಂಡು, ಬೆಚ್ಚಗೆ ಮಲಗಿ, ತೃಪ್ತರಾಗಿ ಇಳಿದರೆ ಊರು ಪುಸ್ತಕದಲ್ಲಿ ಉಳಿಯುತ್ತದೆ. ಆಮೇಲೆ ವರ್ಷವಿಡೀ ನಿನ್ನ ಸರದಿ ನಡೆಸು, ಯಾರು ಬೇಡ ಅಂತಾರೆ? ಊರು ಪುಸ್ತಕದಲ್ಲಿ ಇರಬೇಕೋ ಬೇಡವೋ ಎಂಬುದು ಒಂದು ಬಟ್ಟಲು ಸಾರಿನಲ್ಲಿ ನಿಂತಿದೆ. ನಾನು ಬೇಡಿಕೊಳ್ಳುತ್ತಿದ್ದೇನೆ ಎಂದು ಬೇಕಾದರೆ ಓದಿಕೋ.

ಬೀಗದ ಕೈ ನನ್ನ ಹತ್ತಿರವೇ ಇದೆ. ಕಳಿಸುವುದಿಲ್ಲ.

ಫಿಲೆಮೊನ್


ಯಗಲಾನ್
12 ಮಾರ್ಚ್

ಚಿಕ್ಕಪ್ಪ,

ನಿಮ್ಮ ಯಜಮಾನರು ಬಂದು ಹೋದರು. ಅವರು ನಿಮಗೆ ಏನು ಹೇಳಿದ್ದಾರೋ ನನಗೆ ಗೊತ್ತಿಲ್ಲ. ನಡೆದದ್ದನ್ನು ಬರೆಯುತ್ತೇನೆ.

ನಿಮ್ಮ ಕಾಗದ ಓದಿದ ಮೇಲೆ ಒಂದು ದಿನ ಪೂರ್ತಿ ಯೋಚಿಸಿದೆ. ನೀವು ಹೇಳಿದ್ದು ಸುಲಭವಾಗಿತ್ತು. ಆದರೆ ಒಳ್ಳೆಯದೆಂದು ಕಂಡ ಒಂದು ಮನೆಗೆ ಅತಿಥಿಯನ್ನು ಕಳಿಸುವುದನ್ನೇ ತಾನೆ ನಾವು ನಿಲ್ಲಿಸಿದ್ದು? ದೊಡ್ಡವರು ಬಂದಾಗ ನಿಲ್ಲುವ ಸರದಿ ಸರದಿಯೇ ಅಲ್ಲ. ತಾರ್ಸಿಲಾ ಅತ್ತೆಗೆ ನೀವು ಬರೆದ ಕಾಗದವೂ ಮುಟ್ಟಿತು. ‘ಫಿಲೆಮೊನ್‌ನ ಅಕ್ಷರ ಇನ್ನೂ ದುಂಡಗಿದೆ’ ಎಂದು ಹೇಳಿ ಮಡಿಸಿಟ್ಟರು.

ಹಿಂದಿನ ದಿನ ಊರವರು ಕೂಡಿ ಕೆಲಸ ಮಾಡಿದೆವು. ಹಂಚು ಹೊದಿಸಿದೆವು. ಮಂಚ ಒರೆಸಿದೆವು. ಒಲೆಯ ಪಕ್ಕ ಸೌದೆ, ಕಾಫಿಪುಡಿ, ಬೆಲ್ಲ, ಸೀಮೆಬದನೆ, ತೋರ್ತಿಯಾ ರೊಟ್ಟಿ ಇಟ್ಟೆವು. ನಿಮ್ಮ ಬೀಗವನ್ನು ಯಾರೂ ಮುಟ್ಟಿಲ್ಲ. ಕ್ರಿಸೋಫೊರೊ ಮಾವ ಬಾಗಿಲನ್ನು ತಿರುಗಣಿಯಿಂದ ಎತ್ತಿ ಬೀಗ ಸಮೇತ ಗೋಡೆಗೆ ಒರಗಿಸಿದರು.

ಒಲೆ ಹಚ್ಚಲಿಲ್ಲ. ಅತಿಥಿಗೆ ಒಲೆ ಹಚ್ಚಬೇಕಾದವರು ಮನೆಯವರು.

ದೋನ್ ಗಿಲ್ಬೆರ್ತೊ ಸಂಜೆ ಮಂಜಿನ ಜೊತೆಗೇ ಬಂದರು. ಒಳಗೆ ಹೋಗಿ ಬೂಟು ಬಿಚ್ಚಿ ಬೆಂಚಿನ ಮೇಲೆ ಕೂತರು. ಎದುರು ಬೆಂಚಿನಲ್ಲಿ ತಾರ್ಸಿಲಾ ಅತ್ತೆ ಆಗಲೇ ಕೂತಿದ್ದರು. ಹಬ್ಬದ ರವಿಕೆ, ಮಡಿಲಲ್ಲಿ ಕೈ, ಪಕ್ಕದಲ್ಲಿ ತಮ್ಮ ಕಂಬಳಿ. ಅಂದು ನಿಮ್ಮ ಮನೆಯಲ್ಲಿ ಅತಿಥಿಯಾಗುವ ಸರದಿ ಅವರದು. ನಾನು, ಮಾವ, ಮಾವನ ನಾಯಿ ಅಂಗಳದಲ್ಲಿದ್ದೆವು. ಬಾಗಿಲು ಇಲ್ಲದ್ದರಿಂದ ಎಲ್ಲ ಕೇಳಿಸುತ್ತಿತ್ತು.

ಬಹಳ ಹೊತ್ತು ಇಬ್ಬರೂ ತಣ್ಣನೆಯ ಒಲೆ ನೋಡುತ್ತಾ ಕೂತಿದ್ದರು.

‘ಮನೆಯವರು ಎಲ್ಲಿ?’ ಎಂದು ಕೇಳಿದರು ಅವರು.

‘ನಿಮ್ಮ ಕಚೇರೀಲಿ.’

‘ಏನಂದ್ರಿ?’

‘ಇದು ಫಿಲೆಮೊನ್ ಮನೆ. ನಿಮ್ಮ ಪುಸ್ತಕ ಬರೀತಾನಲ್ಲ, ಅವನದು.’

ಅವರು ಸೂರು ನೋಡಿದರು, ಮಂಚ ನೋಡಿದರು.

‘ಮತ್ತೆ ನೀವು?’

‘ನಾನೂ ನಿಮ್ಮ ಥರಾನೇ. ಅತಿಥಿ.’

‘ಊಟ ಯಾವಾಗ?’

‘ಅದನ್ನೇ ನಾನೂ ಕಾಯ್ತಿದ್ದೀನಿ.’

ಮಾವ ನನ್ನ ತೋಳು ತಿವಿದರು. ‘ಹೋಗಿ ಒಲೆ ಹಚ್ಲಾ? ಊರು ಪುಸ್ತಕದಿಂದ ಹೋಗುತ್ತಲ್ಲೇ!’

‘ಬೇಡ ಮಾವ.’

‘ಕಲ್ಲು ಕಣೇ ನೀನು.’

ಒಳಗೆ ದೋನ್ ಗಿಲ್ಬೆರ್ತೊ ಕೆಮ್ಮಿದರು. ‘ಈ ಊರಲ್ಲಿ ದೋನ್ಯಾ ತಾರ್ಸಿಲಾ ಅನ್ನೋರ ಮನೆ ಇರ್ಬೇಕಲ್ಲ?’

‘ಇದೆ. ಮೇಲಿನ ದಾರೀಲಿ. ಆದ್ರೆ ಅವಳು ಮನೇಲಿಲ್ಲ.’

‘ಎಲ್ಲಿಗೆ ಹೋಗಿದ್ದಾರೆ?’

‘ಊಟಕ್ಕೆ.’

ಮಾವ ಟೋಪಿಯಿಂದ ಬಾಯಿ ಮುಚ್ಚಿಕೊಂಡರು. ನನಗೆ ನಗು ಬರಲಿಲ್ಲ. ಊರು ಕೈಬಿಟ್ಟು ಹೋಯಿತು ಎಂದೇ ಅಂದುಕೊಂಡೆ. ಇದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಆಮೇಲೆ ನಿಮ್ಮ ಯಜಮಾನರು ಎದ್ದರು. ಬರಿಗಾಲಲ್ಲಿ ಒಲೆಯ ಮುಂದೆ ಕೂತು ಸೌದೆ ಒಟ್ಟಿದರು. ತಪ್ಪಾಗಿ ಒಟ್ಟಿದರು. ಮನೆಯೆಲ್ಲ ಹೊಗೆ. ತಾರ್ಸಿಲಾ ಅತ್ತೆ ಕಣ್ಣೊರೆಸಿಕೊಂಡರು, ಕೂತ ಜಾಗ ಬಿಡಲಿಲ್ಲ. ಹೊತ್ತಿತು. ಕಾಫಿ ಇಟ್ಟರು, ಸೀಮೆಬದನೆ ಬೇಯಿಸಿದರು. ಉಪ್ಪು ಎಲ್ಲಿದೆ ಎಂದು ಕೇಳಿದಾಗ ಅತ್ತೆ ‘ನನಗೇನು ಗೊತ್ತು, ನನ್ನ ಮನೇನಾ?’ ಎಂದರು. ಮೊದಲ ಲೋಟವನ್ನು ಅವರು ಅತ್ತೆಗೇ ಕೊಟ್ಟರು.

‘ಹೇಗಿದೆ?’

‘ಕೆಟ್ಟದಾಗಿದೆ. ಇನ್ನೊಂದು ಲೋಟ ಹಾಕಿ.’

ಮಲಗುವ ಮೊದಲು ಅತ್ತೆ ತಮ್ಮ ಕಂಬಳಿಯನ್ನು ಅವರ ಮಂಚದ ಮೇಲೆ ಹಾಕಿ ಮನೆಗೆ ಹೊರಟರು. ಇದನ್ನು ಯಾರೂ ಅವರಿಂದ ಕೇಳಿರಲಿಲ್ಲ. ದೋನ್ ಗಿಲ್ಬೆರ್ತೊ ಸುಟ್ಟ ಮೂಲೆಯನ್ನು ಬೆರಳಲ್ಲಿ ಹಿಡಿದು, ಇದು ಹೇಗೆ ಎಂದರು. ‘ನಿಮ್ಮೋನೊಬ್ಬ ಕಾಲುಚೀಲ ಒಣಗಿಸೋಕೆ ಹೋಗಿ’ ಎಂದರು ಅತ್ತೆ. ಆಗ ಅವರಿಗೆ ಎದುರಿಗಿರುವವರು ಯಾರೆಂದು ಹೊಳೆದಿರಬೇಕು, ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ಬಾಗಿಲು ಇದ್ದ ಜಾಗದವರೆಗೆ.

ಅವರ ಜೊತೆಯವರಲ್ಲಿ ಒಬ್ಬನಿಗೆ ಬೆನಿಗ್ನಾ ಅತ್ತೆಯ ಮನೆಯಲ್ಲಿ ಹೊಟ್ಟೆ ತುಂಬಲಿಲ್ಲ. ಒಬ್ಬಳು ಚಳಿಗೆ ನಿದ್ದೆ ಮಾಡಲಿಲ್ಲ. ಕ್ರಿಸೋಫೊರೊ ಮಾವ ಅಂಗಳದಿಂದ ಮನೆಗೆ ಹೋಗಿ ಅವರ ಜೊತೆ ಕೂತು ಉಂಡು, ತಮ್ಮ ಕತ್ತೆ ಕಳೆದುಹೋದ ಕಥೆಯನ್ನು ಪೂರ್ತಿ ಹೇಳಿದರು. ಬೆಳಿಗ್ಗೆ ಎಲ್ಲರೂ ಸಾನ್ ಎಲೀಯಸ್ ಕಡೆ ಇಳಿದರು.

ಇದನ್ನು ಗೆಲುವು ಎಂದು ನಾನು ಹೇಳುವುದಿಲ್ಲ. ಇದರ ಬಗ್ಗೆ ಕರಪತ್ರ ಬರೆಯಲು ಕೂತೆ, ಮೂರು ಸಾಲು ಬರೆದು ಹರಿದೆ. ಸರದಿ ಮತ್ತೆ ಮೊದಲ ಮನೆಯಿಂದ ಶುರುವಾಗಿದೆ. ಅದು ತಿರುಗಿ ನಿಮ್ಮ ಮನೆಗೆ ಬರುವುದು ಮಳೆಗೆ ಮುಂಚೆ.

ಒತಿಲಿಯಾ


ವಾಹಾಕಾ
24 ಮಾರ್ಚ್

ಒತಿಲಿಯಾ,

ದೋನ್ ಗಿಲ್ಬೆರ್ತೊ ಬಂದ ಮೇಲೆ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ನನ್ನ ಮೇಜಿನ ಎದುರು ಕುರ್ಚಿ ಎಳೆದುಕೊಂಡು ಕೂತರು. ಕನ್ನಡಕ ತೆಗೆಯಲಿಲ್ಲ.

‘ನಿಮ್ಮ ಮನೆ ಚೆನ್ನಾಗಿದೆ. ಕಿಟಕಿಯಿಂದ ಇಡೀ ಕಣಿವೆ ಕಾಣುತ್ತೆ’ ಎಂದರು.

‘ಹೌದು ಸಾರ್.’

‘ನಿಮ್ಮ ಪುಸ್ತಕದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲವಲ್ಲ?’

ಉತ್ತರಕ್ಕೆ ಕಾಯದೆ ತಮ್ಮ ತೀರ್ಮಾನ ಹೇಳಿದರು.

ಇನ್ನು ಮುಂದೆ ದೊಡ್ಡ ತಂಡಗಳು ಸಾನ್ ಎಲೀಯಸ್‌ಗೆ ಹೋಗುತ್ತವೆ. ಅಲ್ಲಿ ಅವರಿಗೆ ಒಳ್ಳೆಯ ನಿದ್ದೆ ಬಂತಂತೆ. ಯಗಲಾನ್‌ಗೆ ನಾಲ್ಕು ಜನಕ್ಕಿಂತ ಹೆಚ್ಚು ಕಳಿಸುವುದಿಲ್ಲ. ನೀನು ಅಂದುಕೊಂಡಷ್ಟು ಜನ ಬರುವುದಿಲ್ಲ, ಕೊಳವೆಯ ಕೆಲಸ ನಿಧಾನವಾಗುತ್ತದೆ. ಆದರೆ ಊರನ್ನು ಪುಸ್ತಕದಿಂದ ತೆಗೆದಿಲ್ಲ. ನಾನು ಹೊಸದಾಗಿ ಬರೆದು ಅಚ್ಚಿಗೆ ಕೊಟ್ಟದ್ದು ಇದು:

‘ಯಗಲಾನ್. ಇಲ್ಲಿ ಮನೆ ಆರಿಸುವಂತಿಲ್ಲ. ಊರು ಕಳಿಸಿದ ಮನೆಗೆ ಹೋಗಿ. ಅವರು ಉಣ್ಣುವುದನ್ನೇ ಅವರ ಜೊತೆ ಕೂತು ಉಣ್ಣಿ. ನಿಮ್ಮ ಪಕ್ಕದಲ್ಲಿ ಇನ್ನೊಬ್ಬ ಅತಿಥಿ ಕೂತಿದ್ದರೆ ಮೊದಲು ಅವರಿಗೆ ಬಡಿಸಲು ಬಿಡಿ. ಕಂಬಳಿ ನೀವೇ ತನ್ನಿ.’

ಕೆಳಗೆ ಒಂದು ಸಾಲನ್ನು ಯಜಮಾನರು ತಮ್ಮ ಕೈಯಾರೆ ಸೇರಿಸಿದ್ದಾರೆ: ‘ಒಲೆ ಹಚ್ಚಲು ಕಲಿತು ಹೋಗುವುದು ಉತ್ತಮ.’

ಶನಿವಾರದ ಬಸ್ಸಿಗೆ ಬರುತ್ತಿದ್ದೇನೆ. ಚೌಕದಲ್ಲಿ ನನ್ನ ಹೆಸರು ಕೂಗುತ್ತಾರೆ ಎಂದು ಗೊತ್ತು. ಕೂಗಲಿ. ಕಾವಲಿನ ಕೋಲು ಈಗ ಬಿಡುವಾಗಿಯೇ ಇರಬೇಕಲ್ಲ?

ಕ್ರಿಸೋಫೊರೊನಿಗೆ ಹೇಳಿ ಬಾಗಿಲನ್ನು ತಿರುಗಣಿಗೆ ಕೂರಿಸು. ಬೀಗದ ಕೈ ತರುತ್ತಿದ್ದೇನೆ. ಇಷ್ಟು ವರ್ಷ ಇಟ್ಟುಕೊಂಡಿದ್ದೇನೆ, ಒಂದು ಸಲವಾದರೂ ತೆಗೆಯಬೇಡವೇ?

ತಾರ್ಸಿಲಾಳಿಗೆ ಕೂತಿರಲು ಹೇಳು. ಕಾಫಿ ನಾನು ಮಾಡುತ್ತೇನೆ. ಚೆನ್ನಾಗಿರುತ್ತದೆ ಎಂದು ಮಾತ್ರ ಹೇಳಬೇಡ.

ಫಿಲೆಮೊನ್